ಮಿತ್ರಪಕ್ಷ ಯಾವಾಗ ಕೈಕೊಡುತ್ತದೆ? ಸಮ್ಮಿಶ್ರ ಸರ್ಕಾರಗಳ ಆಯುಷ್ಯದ ಲೆಕ್ಕ

2021ರ ನವೆಂಬರ್ 24ರ ಬೆಳಿಗ್ಗೆ ಸ್ವೀಡನ್ ಸಂಸತ್ತು ಮಗ್ದಲೀನಾ ಆಂಡರ್ಸನ್ ಅವರನ್ನು ಪ್ರಧಾನಿಯಾಗಿ ಆರಿಸಿತು. ಆ ದೇಶಕ್ಕೆ ಮೊದಲ ಮಹಿಳಾ ಪ್ರಧಾನಿ. ಸಂಜೆಯ ಹೊತ್ತಿಗೆ ಅವರು ರಾಜೀನಾಮೆ ಕೊಟ್ಟಾಗಿತ್ತು. ನಡುವೆ ಆದದ್ದಿಷ್ಟೇ: ಸರ್ಕಾರದ ಬಜೆಟ್ ಸದನದಲ್ಲಿ ಬಿತ್ತು, ವಿರೋಧ ಪಕ್ಷಗಳು ತಂದ ಬಜೆಟ್ ಗೆದ್ದಿತು, ಅದನ್ನು ಜಾರಿ ಮಾಡುವ ಸರ್ಕಾರದಲ್ಲಿ ತಾನಿರಲಾರೆ ಎಂದು ಪಾಲುದಾರ ಗ್ರೀನ್ ಪಕ್ಷ ಎದ್ದು ಹೋಯಿತು. ಐದು ದಿನ ಕಳೆದು ಅದೇ ಸಂಸತ್ತು ಅದೇ ಆಂಡರ್ಸನ್ ಅವರನ್ನು ಮತ್ತೆ ಪ್ರಧಾನಿಯಾಗಿ ಆರಿಸಿತು.

ಇದಕ್ಕಿಂತ ವಿಚಿತ್ರ ಮತಗಳ ಲೆಕ್ಕ. ಮೊದಲ ಸಲ ಅವರ ಪರ ಬಿದ್ದ ಮತ 117, ವಿರುದ್ಧ 174, ತಟಸ್ಥ 57. ವಿರೋಧವೇ ಹೆಚ್ಚು, ಆದರೂ ಗೆದ್ದರು. ಎರಡನೇ ಸಲ ಪರ ಬಿದ್ದದ್ದು ಬರೀ 101, ವಿರುದ್ಧ 173. ಇಷ್ಟು ಕಡಿಮೆ ಬೆಂಬಲದ ಆ ಸರ್ಕಾರ ಮುಂದಿನ ಸೆಪ್ಟೆಂಬರಿನ ಚುನಾವಣೆಯವರೆಗೂ ನಡೆಯಿತು.

ಸಮ್ಮಿಶ್ರ ಸರ್ಕಾರ ಉರುಳಿದಾಗಲೆಲ್ಲ ನಾಯಕರ ಮುನಿಸು, ಅಹಂಕಾರ, ಬೆನ್ನಿಗೆ ಚೂರಿ ಎಂಬ ಮಾತುಗಳು ಕೇಳಿಬರುತ್ತವೆ. ಅವೆಲ್ಲ ಸುಳ್ಳೇನಲ್ಲ. ಆದರೆ ಮುನಿಸಿಲ್ಲದ ಮೈತ್ರಿ ಎಲ್ಲೂ ಇಲ್ಲ, ಕೆಲವು ಮೈತ್ರಿಗಳು ಜಗಳವಾಡುತ್ತಲೇ ಪೂರ್ಣಾವಧಿ ಮುಗಿಸುತ್ತವೆ. ಜಗಳ ಯಾಕೆ ಬಂತು ಎಂದು ಹುಡುಕುವ ಬದಲು, ಎದ್ದು ಹೋದವರಿಗೆ ಏನು ನಷ್ಟ ಎಂದು ಕೇಳಿ ನೋಡಿ. ಸರ್ಕಾರದ ಆಯುಷ್ಯ ಅಲ್ಲಿ ಗೊತ್ತಾಗುತ್ತದೆ.

ಕೈಸಾಲದ ಮೇಲೆ ನಡೆಯುವ ಸರ್ಕಾರ

ಅಧ್ಯಕ್ಷೀಯ ಪದ್ಧತಿಯಲ್ಲಿ ಸರ್ಕಾರದ ಮುಖ್ಯಸ್ಥರಿಗೆ ನಿಗದಿತ ಅವಧಿ ಇರುತ್ತದೆ. ಅವರ ನೀತಿ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಶಾಸನಸಭೆ ಅವರನ್ನು ಇಳಿಸಲಾರದು. ಸಂಸದೀಯ ಪದ್ಧತಿಯಲ್ಲಿ ಜನ ಆರಿಸುವುದು ಸದನವನ್ನು. ಸರ್ಕಾರ ಹುಟ್ಟುವುದು ಸದನದ ಒಳಗಿಂದ, ಬದುಕುವುದು ಸದನದ ವಿಶ್ವಾಸ ಇರುವತನಕ. ಯಾವ ದಿನ ಬೇಕಾದರೂ ವಾಪಸ್ ಕೇಳಬಹುದಾದ ಕೈಸಾಲದ ಹಾಗೆ.

ಒಂದೇ ಪಕ್ಷಕ್ಕೆ ಬಹುಮತ ಬಂದರೆ ಸಾಲ ಕೊಟ್ಟವರು ಮನೆಯವರೇ. ಬರದಿದ್ದರೆ ಎರಡು ಅಥವಾ ಹೆಚ್ಚು ಪಕ್ಷಗಳು ಸಚಿವ ಸ್ಥಾನ ಹಂಚಿಕೊಂಡು ಕೂಡಿ ಆಳಬೇಕು. ಇದೇ ಸಮ್ಮಿಶ್ರ ಸರ್ಕಾರ. ಇಲ್ಲವೇ ಬಹುಮತವಿಲ್ಲದ ಪಕ್ಷ ತಾನೇ ಅಧಿಕಾರ ಹಿಡಿದು, ಸರ್ಕಾರ ಸೇರದ ಇನ್ನೊಂದು ಪಕ್ಷದಿಂದ ಬಾಹ್ಯ ಬೆಂಬಲ ಪಡೆಯಬೇಕು. ಅದೂ ಆಗದಿದ್ದರೆ ಒಂದೊಂದು ಮಸೂದೆಗೂ ಹೊಸದಾಗಿ ಬೆಂಬಲ ಹುಡುಕಿಕೊಂಡು ದಿನ ದೂಡಬೇಕು. ಸಾಲ ಕೊಟ್ಟವರು ಯಾರು, ಯಾವ ಷರತ್ತಿಗೆ ಕೊಟ್ಟಿದ್ದಾರೆ ಎಂಬುದು ಈ ಮೂರರಲ್ಲೂ ಬೇರೆ ಬೇರೆ.

ಸೀಟು ಬೇರೆ, ಬಲ ಬೇರೆ

ನೂರು ಸ್ಥಾನಗಳ ಒಂದು ಸದನ ಇದೆ ಎಂದುಕೊಳ್ಳಿ. ಬಹುಮತಕ್ಕೆ 51 ಬೇಕು. ‘ಅ’ ಪಕ್ಷಕ್ಕೆ 42, ‘ಬ’ಗೆ 30, ‘ಕ’ಗೆ 18, ‘ಡ’ಗೆ 10. ಮೇಲ್ನೋಟಕ್ಕೆ ‘ಬ’ ಪಕ್ಷ ‘ಡ’ಗಿಂತ ಮೂರು ಪಟ್ಟು ಬಲಶಾಲಿ.

ಕೂಡಿಸಿ ನೋಡಿ. ಅ ಜೊತೆ ಬ ಸೇರಿದರೆ 72, ಕ ಸೇರಿದರೆ 60, ಡ ಸೇರಿದರೆ 52, ಮೂರೂ ಬಹುಮತವೇ. ‘ಅ’ಯನ್ನು ಹೊರಗಿಡಬೇಕಾದರೆ ಬ, ಕ, ಡ ಮೂರೂ ಒಟ್ಟಾಗಲೇಬೇಕು, ಒಂದು ಕಡಿಮೆಯಾದರೂ ಆಗದು. ಅಂದರೆ ಸರ್ಕಾರ ರಚಿಸುವ ಲೆಕ್ಕದಲ್ಲಿ 30 ಸೀಟಿನ ಪಕ್ಷಕ್ಕೂ 10 ಸೀಟಿನ ಪಕ್ಷಕ್ಕೂ ತೂಕ ಒಂದೇ. ಅಲ್ಪ ಸೀಟಿನ ಪಕ್ಷ ಗೃಹ ಖಾತೆಯೇ ಬೇಕು ಎಂದು ಪಟ್ಟು ಹಿಡಿದು ಕೂತಾಗ ಅದನ್ನು ದುರಾಸೆ ಎನ್ನುತ್ತೇವೆ. ಅದು ಬರೀ ಕೂಡುವ ಲೆಕ್ಕವೂ ಆಗಿರಬಹುದು.

ಈಗ ಮುಂದಿನ ಚುನಾವಣೆಯಲ್ಲಿ ಚೂರು ಏರುಪೇರಾಗಿ ಅ 41, ಬ 33, ಕ 18, ಡ 8 ಆಯಿತೆನ್ನಿ. ‘ಡ’ ಕಳೆದುಕೊಂಡದ್ದು ಎರಡೇ ಸೀಟು. ಆದರೆ ಅ ಮತ್ತು ಡ ಸೇರಿದರೆ ಈಗ 49, ಸಾಲದು. ಬ ಮತ್ತು ಕ ಇಬ್ಬರೇ ಸೇರಿದರೆ 51, ಸಾಕು. ‘ಡ’ ಇಲ್ಲದಿದ್ದರೆ ಬಿದ್ದುಹೋಗುವ ಬಹುಮತ ಈಗ ಒಂದೂ ಉಳಿದಿಲ್ಲ. ನಿನ್ನೆ ಸರ್ಕಾರ ಕಟ್ಟುತ್ತಿದ್ದ ಪಕ್ಷವನ್ನು ಇವತ್ತು ಕೇಳುವವರಿಲ್ಲ.

ಚೌಕಾಸಿ ಇಷ್ಟು ಒರಟಾಗಿ ನಡೆದರೂ ಖಾತೆ ಹಂಚಿಕೆಯ ಹೊತ್ತಿಗೆ ಒಂದು ಶಿಸ್ತು ಬಂದುಬಿಡುತ್ತದೆ. ಮೈತ್ರಿಗೆ ಯಾರು ಎಷ್ಟು ಸೀಟು ತಂದರೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಚಿವ ಸ್ಥಾನ ಸಿಗುತ್ತದೆ, ಚಿಕ್ಕ ಪಕ್ಷಕ್ಕೆ ತುಸು ಕೊಸರು. ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಗ್ಯಾಮ್ಸನ್ ನಿಯಮ ಎಂಬ ಹೆಸರಿದೆ. ಯುರೋಪಿನ ದೇಶಗಳಲ್ಲಿ ದಶಕಗಳಿಂದ ಇದು ಅಚ್ಚರಿಯಾಗುವಷ್ಟು ಸರಿಯಾಗಿ ಹೊಂದಿಕೊಂಡು ಬಂದಿದೆ.

ಬದಲಿ ಪಾಲುದಾರ ಇದ್ದಾನೆಯೇ?

ಮಿತ್ರಪಕ್ಷ ಬೆದರಿಕೆ ಹಾಕಿದಾಗ ಮೊದಲು ನೋಡಬೇಕಾದದ್ದು, ಅದರ ಜಾಗ ತುಂಬಲು ಇನ್ನೊಬ್ಬರು ಬಾಗಿಲಲ್ಲಿ ನಿಂತಿದ್ದಾರೆಯೇ ಎಂದು. ಭಾರತದ ಎರಡು ವಿಶ್ವಾಸಮತಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟ.

1999ರ ಏಪ್ರಿಲ್‌ನಲ್ಲಿ 18 ಸಂಸದರಿದ್ದ ಎಐಎಡಿಎಂಕೆ ಬೆಂಬಲ ಹಿಂತೆಗೆದುಕೊಂಡಿತು. ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತ ಕೇಳಿದಾಗ ಪರ 269, ವಿರುದ್ಧ 270. ಒಂದೇ ಒಂದು ಮತ. ಹದಿನೆಂಟು ಸೀಟುಗಳ ಹಳ್ಳವನ್ನು ಬಹುಪಾಲು ತುಂಬಿದ್ದರು, ಪೂರ್ತಿ ತುಂಬಲಾಗಲಿಲ್ಲ.

2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದ ವಿರೋಧಿಸಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಕಿತ್ತುಕೊಂಡವು. ಅವರ ಸಂಖ್ಯೆ 60ರ ಆಸುಪಾಸು, ಎಐಎಡಿಎಂಕೆಯ ಮೂರು ಪಟ್ಟು. ಆದರೆ ಸಮಾಜವಾದಿ ಪಕ್ಷ ಬಂದು ಕೈಹಿಡಿಯಿತು. ಜುಲೈ 22ರಂದು ಪರ 275, ವಿರುದ್ಧ 256. ಸರ್ಕಾರ ಅವಧಿ ಮುಗಿಸಿತು. ಹೊರಟವರು ಎಷ್ಟು ದೊಡ್ಡವರು ಎಂಬುದಕ್ಕಿಂತ ಅವರ ಬದಲಿಗೆ ಬರುವವರು ಇದ್ದರೇ ಎಂಬುದು ಹೆಚ್ಚು ಕೆಲಸ ಮಾಡಿತು.

ಬೀಳಿಸುವುದು ಎಷ್ಟು ಸುಲಭ

ಹೊರಡುವ ಬೆಲೆಯ ಒಂದು ಭಾಗವನ್ನು ಸಂವಿಧಾನವೇ ನಿಗದಿ ಮಾಡಿರುತ್ತದೆ. ಒಂದೇ ಬಗೆಯ ಜಗಳ ಒಂದು ದೇಶದಲ್ಲಿ ಸರ್ಕಾರವನ್ನು ಕೆಡವಿ, ಇನ್ನೊಂದರಲ್ಲಿ ಗುಡುಗಿ ಸುಮ್ಮನಾಗುವುದು ಇದರಿಂದಲೇ.

ಸ್ವೀಡನ್ನಿನ 117 ಮತಗಳ ಒಗಟು ಇಲ್ಲಿ ಬಿಡುತ್ತದೆ. ಅಲ್ಲಿ ಪ್ರಧಾನಿ ಆಗಲು ಬಹುಮತ ಬೇಕಿಲ್ಲ, ಬಹುಮತದ ವಿರೋಧ ಇಲ್ಲದಿದ್ದರೆ ಸಾಕು. 349 ಸದಸ್ಯರ ಸದನದಲ್ಲಿ 175 ಮಂದಿ ‘ಬೇಡ’ ಎಂದರೆ ಮಾತ್ರ ಸೋಲು. ಆಂಡರ್ಸನ್ ವಿರುದ್ಧ ಬಿದ್ದದ್ದು 174. ‘ನಿಮ್ಮನ್ನು ಒಪ್ಪುವುದಿಲ್ಲ, ಆದರೆ ತಡೆಯುವುದೂ ಇಲ್ಲ’ ಎನ್ನುವವರಿಗೆ ಈ ನಿಯಮ ಒಂದು ಜಾಗ ಮಾಡಿಕೊಡುತ್ತದೆ. ತಟಸ್ಥರಾಗಿ ಕೂತರೆ ಮತದಾರರ ಎದುರು ಮುಖ ಉಳಿಯುತ್ತದೆ, ಸರ್ಕಾರವೂ ಉಳಿಯುತ್ತದೆ. ಸ್ಕ್ಯಾಂಡಿನೇವಿಯಾದಲ್ಲಿ ಅಲ್ಪಮತದ ಸರ್ಕಾರಗಳು ಮಾಮೂಲಿ ಸಂಗತಿಯಾಗಿರುವುದಕ್ಕೆ ಇದು ದೊಡ್ಡ ಕಾರಣ.

ಜರ್ಮನಿಯ ಬಿಗಿ ಬೇರೆ ಥರ. 1919ರಿಂದ 1933ರವರೆಗಿನ ವೈಮಾರ್ ಗಣರಾಜ್ಯದಲ್ಲಿ 14 ವರ್ಷಕ್ಕೆ ಸುಮಾರು 20 ಸಚಿವ ಸಂಪುಟಗಳು ಬಂದುಹೋದವು. ಒಬ್ಬರಿಗೊಬ್ಬರು ಆಗದ ಎಡ ಮತ್ತು ಬಲದ ತುದಿಗಳು ಸರ್ಕಾರ ಬೀಳಿಸಲು ಮಾತ್ರ ಒಂದಾಗುತ್ತಿದ್ದವು, ಕಟ್ಟಲು ಒಂದಾಗುತ್ತಿರಲಿಲ್ಲ. ಅದರಿಂದ ಪಾಠ ಕಲಿತು 1949ರ ಸಂವಿಧಾನದ 67ನೇ ವಿಧಿಯಲ್ಲಿ ಹೀಗೆ ಬರೆದರು: ಇರುವ ಚಾನ್ಸಲರನ್ನು, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥರನ್ನು, ಇಳಿಸಬೇಕಾದರೆ ಅದೇ ಮತದಾನದಲ್ಲಿ ಮುಂದಿನವರನ್ನು ಬಹುಮತದಿಂದ ಆರಿಸಬೇಕು. ಇದನ್ನು ರಚನಾತ್ಮಕ ಅವಿಶ್ವಾಸ ನಿರ್ಣಯ ಎನ್ನುತ್ತಾರೆ. ಹಳೇ ಸೇತುವೆ ಒಡೆಯುವ ಮುಂಚೆ ಹೊಸದು ಕಟ್ಟಿ ತೋರಿಸು ಎಂದ ಹಾಗೆ. ಅಂದಿನಿಂದ ಅಲ್ಲಿ ಇದನ್ನು ಪ್ರಯೋಗಿಸಿದ್ದು ಎರಡೇ ಸಲ. 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧದ ಯತ್ನ ಎರಡು ಮತದಿಂದ ಸೋತಿತು. 1982ರ ಅಕ್ಟೋಬರ್ 1ರಂದು ಪಾಲುದಾರ ಎಫ್‌ಡಿಪಿ ಪಕ್ಷ ಪಾಳಯ ಬದಲಿಸಿ ಹೆಲ್ಮುಟ್ ಸ್ಮಿಟ್ ಇಳಿದರು, ಹೆಲ್ಮುಟ್ ಕೋಲ್ ಏರಿದರು.

ಭಾರತದಲ್ಲಿ ಇಂಥ ನಿಯಮ ಇಲ್ಲ. 1999ರಲ್ಲಿ ವಾಜಪೇಯಿ ಅವರನ್ನು ಸೋಲಿಸಿದ 270 ಮಂದಿಗೆ ಪರ್ಯಾಯ ಪ್ರಧಾನಿಯ ಹೆಸರಿನಲ್ಲಿ ಒಂದಾಗಲು ಆಗಲಿಲ್ಲ. ಸೋತ ಸರ್ಕಾರವೇ ಉಸ್ತುವಾರಿಯಾಗಿ ಅಕ್ಟೋಬರ್‌ವರೆಗೆ ಮುಂದುವರಿದು, ಚುನಾವಣೆಯಲ್ಲಿ ಗೆದ್ದು ಮರಳಿತು.

ನಾರ್ವೆಯಲ್ಲಿ ಇನ್ನೊಂದು ವಿಶೇಷ: ಸಂಸತ್ತಿನ ಅವಧಿ ನಾಲ್ಕು ವರ್ಷ, ನಡುವೆ ವಿಸರ್ಜಿಸಲು ಯಾರಿಗೂ ಅಧಿಕಾರವಿಲ್ಲ. 2025ರ ಜನವರಿಯಲ್ಲಿ ಸೆಂಟರ್ ಪಕ್ಷ ಮೈತ್ರಿ ಬಿಟ್ಟಾಗ ಲೇಬರ್ ಪಕ್ಷ ಏಕಾಂಗಿಯಾಗಿ ಸರ್ಕಾರ ನಡೆಸಿ ಸೆಪ್ಟೆಂಬರ್ ಚುನಾವಣೆ ಮುಟ್ಟಿತು. ಚುನಾವಣೆಯ ಗುಮ್ಮ ತೋರಿಸಿ ಹೆದರಿಸುವ ಆಟ ಅಲ್ಲಿ ನಡೆಯದು.

ಪಕ್ಷಾಂತರ ನಿಷೇಧ ಕಾಯ್ದೆಯ ಬಗ್ಗೆ ಒಂದು ಮಾತು. ಭಾರತದಲ್ಲಿ 1985ರಲ್ಲಿ ಬಂದ ಸಂವಿಧಾನದ 10ನೇ ಅನುಸೂಚಿ ಒಬ್ಬ ಸದಸ್ಯನನ್ನು ಅವನ ಪಕ್ಷಕ್ಕೆ ಕಟ್ಟಿಹಾಕುತ್ತದೆ. ಪಕ್ಷವನ್ನು ಮೈತ್ರಿಕೂಟಕ್ಕೆ ಕಟ್ಟಿಹಾಕುವುದಿಲ್ಲ. ಇಡೀ ಪಕ್ಷ ಎದ್ದು ಹೊರಟರೆ ಕಾಯ್ದೆಗೆ ಅದು ಕಾಣುವುದೇ ಇಲ್ಲ.

ಹೊರಗಿನ ಬೆಂಬಲ: ಹೊಣೆಯಿಲ್ಲದ ಹಿಡಿತ

ಅತಿ ಬೇಗ ಬೀಳುವುದು ಬಾಹ್ಯ ಬೆಂಬಲದ ಮೇಲೆ ನಿಂತ ಸರ್ಕಾರ. ಒಳಗಿರುವ ಪಾಲುದಾರ ಹೊರಟರೆ ಕಾರು, ಕಚೇರಿ, ಖಾತೆ, ತನ್ನವರಿಗೆ ಕೆಲಸ ಮಾಡಿಕೊಡುವ ಅವಕಾಶ ಎಲ್ಲವನ್ನೂ ಬಿಡಬೇಕು. ಹೊರಗಿನಿಂದ ಬೆಂಬಲಿಸುವವರಿಗೆ ಬಿಡಲು ಏನೂ ಇಲ್ಲ. ಸರ್ಕಾರದ ತಪ್ಪುಗಳ ಹೊಣೆಯೂ ಅವರದಲ್ಲ.

ಭಾರತದ ಅನುಭವ ಇದಕ್ಕೆ ಸಾಲು ಸಾಲಾಗಿ ಸಿಗುತ್ತದೆ. 1979ರಲ್ಲಿ ಕಾಂಗ್ರೆಸ್‌ನ ಹೊರಬೆಂಬಲ ನಂಬಿ ಪ್ರಧಾನಿಯಾದ ಚರಣ್ ಸಿಂಗ್, ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ ಒಂದು ತಿಂಗಳೊಳಗೆ ರಾಜೀನಾಮೆ ಕೊಟ್ಟರು. 1990ರ ನವೆಂಬರ್‌ನಲ್ಲಿ ಬಂದ ಚಂದ್ರಶೇಖರ್ ಸರ್ಕಾರವೂ ಕಾಂಗ್ರೆಸ್ ಬೆಂಬಲದ್ದೇ. ಮಾರ್ಚ್‌ನಲ್ಲಿ ಅವರು ರಾಜೀನಾಮೆ ಸಲ್ಲಿಸಿದರು. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಮುನ್ನಡೆಸಿದ ಸಂಯುಕ್ತ ರಂಗಕ್ಕೂ ಅದೇ ಊರುಗೋಲು. ಹತ್ತು ತಿಂಗಳಾಗುವಷ್ಟರಲ್ಲಿ ಅದನ್ನು ಎಳೆದುಕೊಂಡರು, ನಂತರ ಬಂದ ಐ.ಕೆ. ಗುಜ್ರಾಲ್ ಸರ್ಕಾರದಿಂದಲೂ ಅದೇ 1997ರಲ್ಲಿ ಎಳೆದುಕೊಂಡರು.

ಹಾಗೆಂದು ಈ ಪದ್ಧತಿಯೇ ಕೆಟ್ಟದ್ದೆಂದು ತೀರ್ಮಾನಿಸಬೇಕಿಲ್ಲ. ಡೆನ್ಮಾರ್ಕಿನಲ್ಲಿ ಅಲ್ಪಮತದ ಸರ್ಕಾರ ಹೊರಗಿನ ಪಕ್ಷಗಳ ಜೊತೆ ವಿಷಯವಾರು ಲಿಖಿತ ಒಡಂಬಡಿಕೆ ಮಾಡಿಕೊಳ್ಳುತ್ತದೆ. ಪಿಂಚಣಿಗೆ ಒಂದು, ರಕ್ಷಣೆಗೆ ಒಂದು. ಸಹಿ ಹಾಕಿದ ಪಕ್ಷದ ಒಪ್ಪಿಗೆಯಿಲ್ಲದೆ ಆ ವಿಷಯ ಬದಲಾಗದು. ಹೀಗೆ ಹೊರಗಿನವರಿಗೂ ಕಳೆದುಕೊಳ್ಳಲು ಏನೋ ಒಂದು ಸಿಕ್ಕಂತಾಯಿತು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ, 2005ರಲ್ಲಿ ಬೆಂಬಲ ಕೊಟ್ಟ ಚಿಕ್ಕ ಪಕ್ಷದ ನಾಯಕ ವಿನ್‌ಸ್ಟನ್ ಪೀಟರ್ಸ್ ಅವರಿಗೆ ವಿದೇಶಾಂಗ ಖಾತೆ ಕೊಟ್ಟೂ ಅವರನ್ನು ಸಂಪುಟದ ಹೊರಗೇ ಇಟ್ಟಿತು. ತಮ್ಮ ಖಾತೆಯ ವಿಷಯದಲ್ಲಿ ಅವರು ಸರ್ಕಾರಕ್ಕೆ ಬದ್ಧರು, ಉಳಿದದ್ದರಲ್ಲಿ ಟೀಕಿಸಲು ಸ್ವತಂತ್ರರು.

ಒಪ್ಪಂದದ ಕಾಗದ ಮತ್ತು ಖಾಲಿಯಾದ ತಿಜೋರಿ

ಬಾಳುವ ಮೈತ್ರಿಗಳು ಹೆಚ್ಚಾಗಿ ಬರವಣಿಗೆಯಿಂದ ಶುರುವಾಗುತ್ತವೆ. ಬೆಲ್ಜಿಯಂ 2010ರ ಜೂನ್ ಚುನಾವಣೆಯ ನಂತರ ಸರ್ಕಾರ ರಚಿಸಲು 541 ದಿನ ತೆಗೆದುಕೊಂಡಿತು, ಜಗತ್ತು ನಕ್ಕಿತು. ಆದರೆ ಹಾಗೆ ಹುಟ್ಟಿದ ಆರು ಪಕ್ಷಗಳ ಸರ್ಕಾರ 2014ರ ಚುನಾವಣೆಯವರೆಗೆ ನಿಂತಿತು. ಮೊದಲೇ ಜಗಳವಾಡಿ ಮುಗಿಸಿದರೆ ಆಮೇಲೆ ಜಗಳಕ್ಕೆ ವಿಷಯ ಕಡಿಮೆ.

ಕಾಗದದ ಜೊತೆ ಜಗಳ ಬಿಡಿಸುವ ಒಂದು ಕೋಣೆಯೂ ಬೇಕು. 2010ರಿಂದ 2015ರವರೆಗಿನ ಬ್ರಿಟನ್ನಿನ ಮೈತ್ರಿಯಲ್ಲಿ ಎರಡೂ ಪಕ್ಷಗಳ ತಲಾ ಇಬ್ಬರು, ಕನ್ಸರ್ವೇಟಿವ್ ಪಕ್ಷದ ಕ್ಯಾಮರಾನ್ ಮತ್ತು ಆಸ್ಬೋರ್ನ್, ಲಿಬರಲ್ ಡೆಮಾಕ್ರಟರ ಕ್ಲೆಗ್ ಮತ್ತು ಅಲೆಕ್ಸಾಂಡರ್, ಕೂತು ತೀರ್ಮಾನಿಸಿದ್ದು ಸಂಪುಟಕ್ಕೆ ಹೋಗುತ್ತಿತ್ತು. ಬಹಳ ದೇಶಗಳಲ್ಲಿ ಇನ್ನೊಂದು ಉಪಾಯವೂ ಇದೆ: ಒಂದು ಪಕ್ಷದ ಸಚಿವರ ಕೆಳಗೆ ಇನ್ನೊಂದು ಪಕ್ಷದವರನ್ನು ರಾಜ್ಯ ಸಚಿವರಾಗಿ ಕೂರಿಸುವುದು. ಕೆಲಸಕ್ಕೆ ಸಹಾಯಕ, ನಿಜದಲ್ಲಿ ಕಾವಲುಗಾರ.

ಕಾಗದ ಎಷ್ಟೇ ದಪ್ಪವಿರಲಿ, ಅದು ನಿಂತಿರುವುದು ಹಣದ ಮೇಲೆ. 2021ರಲ್ಲಿ ಜರ್ಮನಿಯಲ್ಲಿ ಎಸ್‌ಪಿಡಿ, ಗ್ರೀನ್ಸ್, ಎಫ್‌ಡಿಪಿ ಸೇರಿ 170ಕ್ಕೂ ಹೆಚ್ಚು ಪುಟಗಳ ಒಪ್ಪಂದ ಬರೆದವು. ಗ್ರೀನ್ಸ್‌ಗೆ ಹವಾಮಾನದ ಮೇಲೆ ಭಾರಿ ಹೂಡಿಕೆ ಬೇಕು. ಎಸ್‌ಪಿಡಿಗೆ ಸಾಮಾಜಿಕ ವೆಚ್ಚ ಬೇಕು. ಎಫ್‌ಡಿಪಿಗೆ ತೆರಿಗೆ ಏರಬಾರದು, ಹೊಸ ಸಾಲಕ್ಕೆ ಸಂವಿಧಾನ ಹಾಕಿದ ಮಿತಿಯನ್ನೂ ಮುರಿಯಬಾರದು. ಮೂರನ್ನೂ ಒಟ್ಟಿಗೆ ಕೂಡಿಸಿದ್ದು ಒಂದು ಜಾಣತನ: ಕೋವಿಡ್ ತುರ್ತಿಗೆಂದು ಅನುಮತಿ ಪಡೆದು ಬಳಸದೆ ಉಳಿದಿದ್ದ 60 ಶತಕೋಟಿ ಯೂರೊ ಸಾಲದ ಅವಕಾಶವನ್ನು ಹವಾಮಾನ ನಿಧಿಗೆ ತಿರುಗಿಸುವುದು. 2023ರ ನವೆಂಬರ್ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ಅಸಿಂಧು ಎಂದಿತು.

ಅಲ್ಲಿಗೆ ಒಬ್ಬರ ಬೇಡಿಕೆ ಈಡೇರಿಸಲು ಇನ್ನೊಬ್ಬರ ಜೇಬಿಗೇ ಕೈಹಾಕಬೇಕಾಯಿತು. ಒಂದು ವರ್ಷ ಎಳೆದಾಡಿ, 2024ರ ನವೆಂಬರ್ 6ರ ರಾತ್ರಿ ಚಾನ್ಸಲರ್ ಓಲಾಫ್ ಶೋಲ್ಸ್ ಎಫ್‌ಡಿಪಿಯ ಹಣಕಾಸು ಸಚಿವ ಕ್ರಿಶ್ಚಿಯನ್ ಲಿಂಡ್ನರ್ ಅವರನ್ನು ವಜಾ ಮಾಡಿದರು. ಡಿಸೆಂಬರ್ 16ರಂದು ತಾವೇ ಕೇಳಿದ ವಿಶ್ವಾಸಮತದಲ್ಲಿ ಸೋತರು. ಆ 67ನೇ ವಿಧಿ ಹೊರಗಿನ ಏಟಿಗೆ ಗೋಡೆ, ಒಳಗಿನಿಂದ ಬಿರುಕು ಬಿಟ್ಟರೆ ಅದೇನು ಮಾಡೀತು.

ಬಜೆಟ್ ಸುತ್ತಲೇ ಇಷ್ಟೊಂದು ಸರ್ಕಾರಗಳು ಬೀಳಲು ಕಾರಣ ಸರಳ. ಬೇರೆ ಮಸೂದೆಯನ್ನು ಮುಂದೂಡಬಹುದು, ಸಮಿತಿಗೆ ಕಳಿಸಿ ಮರೆಯಬಹುದು. ಬಜೆಟ್ಟಿಗೆ ತಾರೀಖು ಇದೆ, ಅದರಲ್ಲಿ ಎಲ್ಲ ಪಾಲುದಾರರ ಆಸೆಗಳೂ ಅಂಕಿಯಾಗಿ ಒಂದೇ ಪುಟಕ್ಕೆ ಬರುತ್ತವೆ.

ಚಿಕ್ಕ ಪಕ್ಷದ ಸಂಕಟ

ಮೈತ್ರಿಯಲ್ಲಿ ಇರುವುದಕ್ಕೂ ಬೆಲೆ ಇದೆ, ಅದನ್ನು ಹೆಚ್ಚಾಗಿ ಕಟ್ಟುವುದು ಕಿರಿಯ ಪಾಲುದಾರ. ಒಳ್ಳೆಯದಾದರೆ ಹೆಸರು ಪ್ರಧಾನಿಯ ಪಕ್ಷಕ್ಕೆ, ರಾಜಿ ಮಾಡಿಕೊಂಡ ಕಳಂಕ ತನಗೆ. ಬ್ರಿಟನ್ನಿನ ಲಿಬರಲ್ ಡೆಮಾಕ್ರಟರು ವಿಶ್ವವಿದ್ಯಾಲಯ ಶುಲ್ಕ ಏರಿಕೆಯನ್ನು ವಿರೋಧಿಸುವುದಾಗಿ ಮಾತು ಕೊಟ್ಟು 2010ರಲ್ಲಿ ಸರ್ಕಾರ ಸೇರಿದರು, ಶುಲ್ಕ ಏರಿತು. ಐದು ವರ್ಷ ನಿಷ್ಠೆಯಿಂದ ಇದ್ದರು. 2015ರಲ್ಲಿ ಅವರ 57 ಸೀಟು 8ಕ್ಕೆ ಇಳಿಯಿತು. ಜರ್ಮನಿಯ ಎಫ್‌ಡಿಪಿ 2013ರಲ್ಲಿ ಮೈತ್ರಿಯ ಪೂರ್ಣಾವಧಿ ಮುಗಿಸಿ ಸಂಸತ್ತು ಪ್ರವೇಶಕ್ಕೆ ಬೇಕಾದ ಶೇ 5 ಮತಗಳ ಮಿತಿಗಿಂತ ಕೆಳಗೆ ಬಿದ್ದು ಸಂಸತ್ತಿನಿಂದಲೇ ಹೊರಬಿತ್ತು. 2025ರಲ್ಲಿ ಮೈತ್ರಿ ಮುರಿದುಕೊಂಡು ಬಂದಾಗಲೂ ಶೇ 4.3 ಪಡೆದು ಮತ್ತೆ ಹೊರಗೆ. ಇದ್ದರೂ ಕಷ್ಟ, ಬಿಟ್ಟರೂ ಕಷ್ಟ.

ದೊಡ್ಡವರು ಬಿಟ್ಟರೂ ಲಾಭ ಖಚಿತವಲ್ಲ. ನೆದರ್ಲೆಂಡ್ಸ್‌ನಲ್ಲಿ 150ರಲ್ಲಿ 37 ಸೀಟು ಹಿಡಿದು ಮೈತ್ರಿಯ ಅತಿದೊಡ್ಡ ಪಕ್ಷವಾಗಿದ್ದ ಬಲಪಂಥೀಯ ಪಿವಿವಿ, ಹೊರದೇಶದ ನಿರಾಶ್ರಿತರಿಗೆ ಆಶ್ರಯ ಕೊಡುವ ನೀತಿ ಸಾಕಷ್ಟು ಬಿಗಿಯಾಗಿಲ್ಲ ಎಂದು 2025ರ ಜೂನ್ 3ರಂದು ಹೊರಬಂತು. ಅಕ್ಟೋಬರ್ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 26.

ಅವಧಿಯ ಕೊನೆಯ ವರ್ಷ ಹತ್ತಿರ ಬಂದಂತೆ ಒಳಗಿರುವುದರ ಲಾಭ ತಿಂಗಳು ತಿಂಗಳಿಗೂ ಕರಗುತ್ತದೆ, ಬೇರೆಯಾಗಿ ಕಾಣಬೇಕಾದ ತುರ್ತು ಹೆಚ್ಚುತ್ತದೆ. ಮೂರು ವರ್ಷ ನುಂಗಿಕೊಂಡ ವಿಷಯವೇ ಆಗ ತತ್ವದ ಪ್ರಶ್ನೆಯಾಗಿ ಎದ್ದು ನಿಲ್ಲುತ್ತದೆ.

ಕುರ್ಚಿಯ ಸರದಿ

ಎರಡು ಪಕ್ಷಗಳು ಸರಿಸಮವಾಗಿದ್ದಾಗ ಪ್ರಧಾನಿ ಪಟ್ಟವನ್ನೇ ಹಂಚಿಕೊಳ್ಳುವುದುಂಟು. ಮೊದಲ ಅರ್ಧ ಇವರು, ಉಳಿದರ್ಧ ಅವರು. ತೊಂದರೆ ಏನೆಂದರೆ ಮೊದಲು ಕೂತವರಿಗೆ ತಮ್ಮ ಪಾಲು ಸಿಕ್ಕಾಗಿರುತ್ತದೆ. ಎರಡನೆಯವರ ಕೈಯಲ್ಲಿರುವುದು ಬರೀ ಮಾತು.

ಐರ್ಲೆಂಡಿನಲ್ಲಿ ಆ ಮಾತು ಉಳಿಯಿತು. ನೂರು ವರ್ಷದ ಎದುರಾಳಿಗಳಾದ ಫಿಯನ ಫಾಲ್ ಮತ್ತು ಫಿನ ಗೇಲ್, ಗ್ರೀನ್ ಪಕ್ಷದ ಜೊತೆ 2020ರ ಜೂನ್‌ನಲ್ಲಿ ಸರ್ಕಾರ ಮಾಡಿದವು. 2022ರ ಡಿಸೆಂಬರ್ 17ರಂದು ಫಿಯನ ಫಾಲ್ ಪಕ್ಷದ ಮಿಹಾಲ್ ಮಾರ್ಟಿನ್ ಎದ್ದು ಫಿನ ಗೇಲ್ ಪಕ್ಷದ ಲಿಯೋ ವರಾಡ್ಕರ್ ಅವರಿಗೆ ಕುರ್ಚಿ ಬಿಟ್ಟರು. ಆ ದಿನಗಳಲ್ಲಿ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಮುಂದಿದ್ದದ್ದು ವಿರೋಧದಲ್ಲಿದ್ದ ಶಿನ್ ಫೇನ್ ಪಕ್ಷ. ಮಾತು ಮುರಿದು ಚುನಾವಣೆಗೆ ಹೋಗಿದ್ದರೆ ಇಬ್ಬರಿಗೂ ನಷ್ಟವಿತ್ತು.

ಇಸ್ರೇಲಿನಲ್ಲಿ 1984ರ ಒಪ್ಪಂದದಂತೆ ಎರಡು ವರ್ಷದ ನಂತರ ಶಿಮೋನ್ ಪೆರೆಸ್ ಅಧಿಕಾರವನ್ನು ಯಿಟ್ಜಾಕ್ ಶಮೀರ್‌ಗೆ ಒಪ್ಪಿಸಿದ್ದರು. 2020ರಲ್ಲಿ ಬೆಂಜಮಿನ್ ನೆತನ್ಯಾಹು ಮತ್ತು ಬೆನ್ನಿ ಗ್ಯಾಂಟ್ಸ್ ಅದೇ ಮಾದರಿ ಹಿಡಿದರು. ಮೊದಲ 18 ತಿಂಗಳು ನೆತನ್ಯಾಹು, 2021ರ ನವೆಂಬರ್‌ನಿಂದ ಗ್ಯಾಂಟ್ಸ್. ಈ ಸಲ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ, ಹಾಗಾಗಿ ಸರದಿಯನ್ನು ಕಾನೂನಿನಲ್ಲೇ ಬರೆಸಿದರು. ನೆತನ್ಯಾಹು ಸರ್ಕಾರವನ್ನು ಅರ್ಧಕ್ಕೇ ಬೀಳಿಸಿದರೆ ಗ್ಯಾಂಟ್ಸ್ ತಾನಾಗಿಯೇ ಪ್ರಧಾನಿಯಾಗುವಂತೆ ಬೀಗ ಹಾಕಿದರು. ಒಂದು ಕಿಟಕಿ ಮಾತ್ರ ತೆರೆದುಳಿಯಿತು: ಬಜೆಟ್ ಅಂಗೀಕಾರವಾಗದೆ ಸಂಸತ್ತು ವಿಸರ್ಜನೆಯಾದರೆ ಆ ಷರತ್ತು ಅನ್ವಯಿಸದು. ಅಲ್ಲಿನ ಕಾನೂನಿನ ಪ್ರಕಾರ ಗಡುವಿನೊಳಗೆ ಬಜೆಟ್ ಆಗದಿದ್ದರೆ ಯಾರೂ ಮತ ಹಾಕಬೇಕಾಗಿಲ್ಲ, ಸಂಸತ್ತು ತಾನೇ ವಿಸರ್ಜನೆಯಾಗುತ್ತದೆ. ಎರಡು ವರ್ಷದ ಬಜೆಟ್ ತರಬೇಕೆಂದು ಒಪ್ಪಂದದಲ್ಲಿತ್ತು, ನೆತನ್ಯಾಹು ಒಂದೇ ವರ್ಷದ್ದು ಸಾಕೆಂದು ಪಟ್ಟು ಹಿಡಿದರು. ಗಡುವು ಒಮ್ಮೆ ಮುಂದಕ್ಕೆ ಹೋಯಿತು. 2020ರ ಡಿಸೆಂಬರ್ 22ರ ನಡುರಾತ್ರಿ ಅದೂ ದಾಟಿತು, ಸಂಸತ್ತು ವಿಸರ್ಜನೆಯಾಯಿತು. ಗ್ಯಾಂಟ್ಸ್ ಸರದಿ ಬರಲು ಆಗಿನ್ನೂ ಹನ್ನೊಂದು ತಿಂಗಳು ಬಾಕಿ ಇತ್ತು.